ಗೇರುಸೊಪ್ಪೆಯಿಂದ ಇಕ್ಕೇರಿಗೆ: ಒಂದು ಘಟ್ಟದ ದಾರಿಯನ್ನು ಉಳಿಸಿಕೊಳ್ಳುವ ಪ್ರಶ್ನೆ

ಮಾನ್ಯರೇ,

ಘಟ್ಟದ ದಾರಿಗಳನ್ನು ಕುರಿತು ಮಾತನಾಡಬೇಕೆಂಬ ಆಹ್ವಾನ ಬಂದಾಗ, ಅರಬೈಲಿನಿಂದ ಆಗುಂಬೆಯವರೆಗಿನ ಘಾಟಿಗಳನ್ನೆಲ್ಲ ಒಂದು ಗಂಟೆಯೊಳಗೆ ಹತ್ತಿ ಇಳಿಯುವುದಕ್ಕಿಂತ ಒಂದೇ ದಾರಿಯನ್ನು ಹಿಡಿದು ನಿಧಾನವಾಗಿ ಸಾಗುವುದು ಒಳ್ಳೆಯದೆಂದು ನಿಶ್ಚಯಿಸಿದೆ. ನಾನು ಆರಿಸಿಕೊಂಡಿರುವುದು ಹೊನ್ನಾವರದ ಅಳಿವೆಯಿಂದ ಶರಾವತಿಯ ಮೇಲೆ ಗೇರುಸೊಪ್ಪೆಗೆ ಬಂದು, ಅಲ್ಲಿಂದ ಗೋವರ್ಧನಗಿರಿಯ ಪಕ್ಕದಲ್ಲಿ ಘಟ್ಟ ಹತ್ತಿ, ಸಾಗರ ಸೀಮೆಯ ಇಕ್ಕೇರಿಯನ್ನು ಸೇರುತ್ತಿದ್ದ ಹೇರೆತ್ತಿನ, ಅಂದರೆ ಬೆನ್ನ ಮೇಲೆ ಸರಕು ಹೊರುವ ಎತ್ತಿನ, ದಾರಿಯನ್ನು. ಇದರ ಎರಡು ತುದಿಗಳನ್ನು ತಾವೆಲ್ಲರೂ ಬಲ್ಲಿರಿ. ಕೆಳಗೆ ಗೇರುಸೊಪ್ಪೆಯ ಚತುರ್ಮುಖ ಬಸದಿ ಇದೆ, ಮೇಲೆ ಇಕ್ಕೇರಿಯ ಅಘೋರೇಶ್ವರ ದೇವಾಲಯ ಇದೆ. ಎರಡಕ್ಕೂ ನೀಲಿ ಫಲಕಗಳಿವೆ, ಕಾವಲಿದೆ, ಪುಸ್ತಕಗಳಲ್ಲಿ ಚಿತ್ರಗಳಿವೆ. ಆದರೆ ಈ ಎರಡನ್ನೂ ಸಾಕಿದ ದಾರಿ ಮಾತ್ರ ಯಾವ ಇಲಾಖೆಯ ಕಡತದಲ್ಲೂ ಒಂದು ವಸ್ತುವಾಗಿ ಇಲ್ಲ. ನಾನು ಇಂದು ಹೇಳಬೇಕಾದದ್ದು ಮುಖ್ಯವಾಗಿ ಇಷ್ಟೇ: ದಾರಿಯನ್ನು ತುಂಡು ತುಂಡಾಗಿ ರಕ್ಷಿಸಲಾಗದು, ಅದನ್ನು ಬುಡದಿಂದ ತುದಿಯವರೆಗೆ ಒಂದೇ ಸ್ಮಾರಕವೆಂದು ನೋಡಬೇಕು.

ಮೊದಲು ನೆಲದ ರಚನೆಯನ್ನು ನೋಡೋಣ. ಹೊನ್ನಾವರದಿಂದ ಗೇರುಸೊಪ್ಪೆಯವರೆಗೆ, ಸುಮಾರು 30 ಕಿಲೋಮೀಟರ್, ಶರಾವತಿಯು ದೋಣಿಗೆ ಒಗ್ಗುವ ನದಿ. ಉಬ್ಬರದ ನೀರು ದೋಣಿಯನ್ನು ಒಳನಾಡಿನ ಕಡೆಗೆ ತಳ್ಳಿಕೊಡುತ್ತದೆ. ಗೇರುಸೊಪ್ಪೆಯ ಆಚೆಗೆ ಕಣಿವೆ ಇಕ್ಕಟ್ಟಾಗಿ, ಬಂಡೆ ಮೊದಲಾಗಿ, ಹುಟ್ಟು ಹಾಕುವವರಿಗೆ ಕೆಲಸವಿಲ್ಲದಂತಾಗುತ್ತದೆ. ಅಂದರೆ ದೋಣಿಯ ಸರಕು ಎತ್ತಿನ ಬೆನ್ನಿಗೂ, ಎತ್ತಿನ ಬೆನ್ನಿನ ಸರಕು ದೋಣಿಗೂ ವರ್ಗವಾಗಲೇಬೇಕಾದ ಜಾಗ ಅದು. ಅಂಥ ಜಾಗದಲ್ಲಿ ಉಗ್ರಾಣ ಬೇಕು, ತೂಕದವರು ಬೇಕು, ಹಮಾಲರು ಬೇಕು, ಸಾಲ ಕೊಡುವ ಸೆಟ್ಟರು ಬೇಕು, ಸುಂಕ ಎತ್ತುವವರಂತೂ ಕರೆಯದೆಯೇ ಬರುತ್ತಾರೆ. ನಗಿರೆ, ಕ್ಷೇಮಪುರ ಎಂದೆಲ್ಲ ಶಾಸನಗಳು ಕರೆಯುವ ಪಟ್ಟಣ ಬೆಳೆದದ್ದು ಹೀಗೆ. ಸಾಳುವ ಅರಸರ ಆ ಪಟ್ಟಣವನ್ನು ಇಂದು ಕಾಡಿನ ನಡುವೆ ನೋಡಿದವರು, ಇಷ್ಟು ದೊಡ್ಡ ಬಸದಿಯನ್ನು ಈ ಮೂಲೆಯಲ್ಲಿ ಯಾಕೆ ಕಟ್ಟಿದರೋ ಎಂದು ಬೆರಗಾಗುತ್ತಾರೆ. ಅದು ಮೂಲೆಯಾದದ್ದು ಈಚೆಗೆ. ಆಗ ಅದು ಸಮುದ್ರಕ್ಕೂ ಬಯಲುಸೀಮೆಗೂ ನಡುವಿನ ಕೀಲು.

ಮೇಲಿನಿಂದ ಇಳಿಯುತ್ತಿದ್ದುದು ಕಾಳುಮೆಣಸು, ಅಡಕೆ, ಏಲಕ್ಕಿ, ಅಕ್ಕಿ, ಬಟ್ಟೆ. ಕೆಳಗಿನಿಂದ ಏರುತ್ತಿದ್ದುದು ಉಪ್ಪು, ಒಣಮೀನು, ತೆಂಗು, ತಾಮ್ರ ಮತ್ತು ಕರಾವಳಿಯ ರೇವುಗಳಲ್ಲಿ ಇಳಿದ ಅರಬ್ಬಿ ಕುದುರೆಗಳು. ಮೆಣಸು ಮತ್ತು ಕುದುರೆಗಳ ಕಥೆಯನ್ನು ಚರಿತ್ರೆಯ ಪುಸ್ತಕಗಳು ಸಾಕಷ್ಟು ಹೇಳಿವೆ. ನನ್ನ ದೃಷ್ಟಿಯಲ್ಲಿ ದಾರಿಯನ್ನು ವರ್ಷದಿಂದ ವರ್ಷಕ್ಕೆ ಸವೆಸಿದ ಸರಕು ಉಪ್ಪು. ಮೆಣಸಿನ ಬೆಲೆ ಬಿದ್ದ ವರ್ಷದಲ್ಲೂ, ಅರಸರು ಬದಲಾದ ವರ್ಷದಲ್ಲೂ ಮಲೆನಾಡಿನ ಮನೆಗೆ ಉಪ್ಪು ಬೇಕಾಗಿತ್ತು.

ಸಾಗಣೆಯ ವಿಧಾನವನ್ನು 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಕಣ್ಣಿಗೆ ಕಟ್ಟುವಂತೆ ಬರೆದಿದ್ದಾನೆ. ಎತ್ತಿನ ಬೆನ್ನಿಗೆ ಜೀನಿನಂಥ ಹಾಸು, ಅದರ ಮೇಲೆ ಎರಡೂ ಪಕ್ಕಕ್ಕೆ ಇಳಿಬಿದ್ದ ಉದ್ದನೆಯ ಗೋಣಿಚೀಲಗಳು, ಹಿಂದೆ ಇಪ್ಪತ್ತು ಮೂವತ್ತು ಎತ್ತುಗಳನ್ನು ಅಟ್ಟಿಕೊಂಡು ಬರುವ ಒಬ್ಬನೇ ಆಳು. ಭಟ್ಕಳದ ರೇವಿನ ವ್ಯಾಪಾರಕ್ಕೆ ವರ್ಷಕ್ಕೆ ಐದಾರು ಸಾವಿರ ಹೇರೆತ್ತುಗಳು ಬರುತ್ತಿದ್ದವೆಂದೂ ಅವನು ಹೇಳುತ್ತಾನೆ. ಅವನು ವರ್ಣಿಸುವುದು ನಮ್ಮ ಗೇರುಸೊಪ್ಪೆಯ ನೆರೆಯ ದಾರಿಯನ್ನು, ಆದರೆ ಎತ್ತು ಅದೇ, ಗೋಣಿ ಅದೇ, ಘಟ್ಟವೂ ಅದೇ. ಈ ಚಿತ್ರವನ್ನು ಮನಸ್ಸಿನಲ್ಲಿ ಇಟ್ಟುಕೊಂಡರೆ ದಾರಿ ಎಷ್ಟು ಅಗಲವಿತ್ತು, ಎಷ್ಟು ಕಡಿದಾಗಿತ್ತು, ಎಲ್ಲೆಲ್ಲಿ ತಂಗಬೇಕಾಗಿತ್ತು ಎಂಬುದೆಲ್ಲ ತಾನಾಗಿಯೇ ತಿಳಿಯುತ್ತದೆ. ಹೇರು ಹೊತ್ತ ಎತ್ತಿಗೆ ಬಂಡಿಯಷ್ಟು ಅಗಲದ ರಸ್ತೆ ಬೇಡ, ಬಂಡಿಗೆ ಆಗದ ಏರನ್ನೂ ಅದು ಹತ್ತುತ್ತದೆ. ಆದರೆ ದಿನದ ಕೊನೆಗೆ ಹೇರು ಇಳಿಸಲು ಸಮತಟ್ಟಾದ ಜಾಗ, ಕುಡಿಯಲು ನೀರು, ಮೇಯಲು ಹುಲ್ಲು ಬೇಕೇಬೇಕು. ಕಾಡಿನೊಳಗೆ ಹಳೆಯ ದಾರಿಯನ್ನು ಹುಡುಕುವವರು ಈ ಮೂರನ್ನು ಹುಡುಕಬೇಕು.

ಸುಂಕದ ಬಗ್ಗೆ ಎರಡು ಮಾತು. ಕಲ್ಯಾಣದ ಚಾಲುಕ್ಯರ ಕಾಲದಿಂದಲೂ ಬನವಾಸಿ ನಾಡಿನ ಶಾಸನಗಳಲ್ಲಿ ಹೆಜ್ಜುಂಕ, ವಡ್ಡರಾವುಳ, ಬಿಲ್ಕೊಡೆ ಎಂಬ ಸುಂಕಗಳ ಹೆಸರುಗಳು ಮೇಲಿಂದ ಮೇಲೆ ಬರುತ್ತವೆ. ಇಂಥ ಸುಂಕದ ಒಂದು ಪಾಲನ್ನು ದೇವಾಲಯಕ್ಕೋ ಕೆರೆಗೋ ಬಿಟ್ಟುಕೊಟ್ಟ ದತ್ತಿಗಳೂ ಕಾಣುತ್ತವೆ. ಅಯ್ಯಾವೊಳೆ ಐನೂರ್ವರಂಥ ವರ್ತಕ ಸಂಘಗಳು ತಾವೇ ಹೇರಿಗೆ ಇಷ್ಟೆಂದು ಕಟ್ಟಿಕೊಂಡು ದಾನ ಮಾಡಿದ್ದೂ ಉಂಟು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡರೇನು ಫಲ ಎಂಬ ಗಾದೆ ಹುಟ್ಟಿದ ನಾಡಿನಲ್ಲಿ, ಅದೇ ಸುಂಕದ ಹಣದಿಂದ ದಾರಿಹೋಕರ ಅರವಟ್ಟಿಗೆಗಳೂ ನಡೆದವು ಎಂಬುದನ್ನು ಮರೆಯಬಾರದು.

ಈಗ ಈ ದಾರಿಯ ಅತ್ಯಂತ ಸಮೃದ್ಧವಾದ ದಾಖಲೆಗೆ ಬರುತ್ತೇನೆ, ಇದರ ಮೇಲೆ ತುಸು ಹೆಚ್ಚು ಹೊತ್ತು ನಿಲ್ಲುವುದಕ್ಕೆ ತಮ್ಮ ಅನುಮತಿ ಬೇಡುತ್ತೇನೆ. ರೋಮಿನ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಪ್ರವಾಸಿ 1623ರಲ್ಲಿ ಗೋವೆಯ ಪೋರ್ಚುಗೀಸರು ಇಕ್ಕೇರಿಯ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಕಳುಹಿಸಿದ ರಾಯಭಾರಿಯ ಜೊತೆಗೆ ಇದೇ ದಾರಿಯಲ್ಲಿ ಬಂದನು. ರಾಯಭಾರದ ಹಿಂದೆ ಇದ್ದದ್ದು ಮೆಣಸಿನ ವ್ಯವಹಾರ ಮತ್ತು ಮಂಗಳೂರು ಸೀಮೆಯ ಬಂಗ ಮನೆತನದ ಅರಸನ ತಕರಾರು. ಹೊನ್ನಾವರದಿಂದ ದೋಣಿಯಲ್ಲಿ ಹೊರಟ ಅವನು ನದಿಯ ಎರಡೂ ದಡಗಳ ಹಸಿರನ್ನು ಮನಸಾರೆ ಹೊಗಳುತ್ತಾನೆ. ಗೇರುಸೊಪ್ಪೆ ತಲುಪಿದಾಗ ಅವನಿಗೆ ಕಂಡದ್ದು ಪಟ್ಟಣವಲ್ಲ, ಹಾಳು ಬಿದ್ದ ಅರಮನೆ, ಮರ ಬೆಳೆದ ಬೀದಿಗಳು, ರೈತರ ಒಂದಷ್ಟು ಗುಡಿಸಲುಗಳು. ಪೋರ್ಚುಗೀಸರು ಕಾಳುಮೆಣಸಿನ ರಾಣಿಯೆಂದು ಕರೆದ ಚೆನ್ನಭೈರಾದೇವಿಯ ಆಳ್ವಿಕೆ 1606ರ ಸುಮಾರಿಗೆ, ಇದೇ ವೆಂಕಟಪ್ಪ ನಾಯಕನ ಕೈಯಲ್ಲಿ, ಮುಗಿದಿತ್ತು. ಐದು ದಶಕಗಳ ಕಾಲ ಆಕೆ ಆಳಿದ ರಾಜಧಾನಿಯನ್ನು ಕಾಡು ನುಂಗುವುದಕ್ಕೆ ಎರಡು ದಶಕವೂ ಬೇಕಾಗಲಿಲ್ಲ. ಆದರೆ ಗಮನಿಸಬೇಕಾದ ಸಂಗತಿ ಬೇರೆಯೇ ಇದೆ: ಪಟ್ಟಣ ಸತ್ತಿತ್ತು, ದಾರಿ ಸತ್ತಿರಲಿಲ್ಲ. ರಾಯಭಾರಿಯ ಪರಿವಾರಕ್ಕೆ ಪಲ್ಲಕ್ಕಿ ಹೊರುವವರೂ ಸಾಮಾನು ಸಾಗಿಸುವವರೂ ಅಲ್ಲಿಯೇ ಸಿಗಬೇಕಾಗಿತ್ತು, ಘಟ್ಟದ ನೆತ್ತಿಯಲ್ಲಿ ಕೋಟೆಯ ಕಾವಲು ನಡೆದೇ ಇತ್ತು.

ಘಟ್ಟವನ್ನು ಅವನು ತನ್ನ ನಾಡಿನ ಅಪೆನೈನ್ ಪರ್ವತಗಳಿಗೆ ಹೋಲಿಸುತ್ತಾನೆ. ಮೇಲೆ ಬಂದ ಮೇಲೆ, ಹೊರೆಗಳನ್ನು ಸರಿಪಡಿಸುತ್ತಿದ್ದ ಬಿಡುವಿನಲ್ಲಿ, ದೇವಾಲಯವೊಂದರ ಜಗಲಿಯಲ್ಲಿ ನಾಲ್ವರು ಹುಡುಗರು ಲೆಕ್ಕ ಕಲಿಯುವುದನ್ನು ನೋಡುತ್ತ ಕುಳಿತ. ಒಬ್ಬ ರಾಗವಾಗಿ ಪಾಠವನ್ನು ಹೇಳುತ್ತ, ನೆಲದ ಮೇಲೆ ಹರಡಿದ ನುಣ್ಣನೆಯ ಮರಳಿನಲ್ಲಿ ಬೆರಳಿನಿಂದ ಅಂಕೆಯನ್ನು ಬರೆಯುತ್ತಾನೆ. ಉಳಿದವರು ಅದನ್ನೇ ಹಾಡುತ್ತ ಬರೆಯುತ್ತಾರೆ. ನೆಲ ತುಂಬಿದರೆ ಅಳಿಸಿ, ಬೇಕಾದರೆ ಹೊಸ ಮರಳು ಚೆಲ್ಲಿ, ಮುಂದುವರಿಸುತ್ತಾರೆ. ಗುರುಗಳಿಲ್ಲವಲ್ಲ, ಮರೆತರೆ ತಿದ್ದುವವರು ಯಾರು ಎಂದು ಅವನು ಕೇಳಿದ್ದಕ್ಕೆ, ನಾಲ್ವರೂ ಒಟ್ಟಿಗೆ ಮರೆಯುವುದು ಹೇಗೆ ಸಾಧ್ಯ ಎಂಬ ಉತ್ತರ ಬಂತು. ಇಕ್ಕೇರಿಯ ಬೀದಿಯಲ್ಲಿ ಬಣ್ಣದ ಕೋಲು ಹಿಡಿದು ಹೆಂಗಳೆಯರು ಆಡಿದ ಕೋಲಾಟವನ್ನೂ ಅವನು ಅಷ್ಟೇ ಆಸ್ಥೆಯಿಂದ ಬರೆದಿದ್ದಾನೆ. ಕನ್ನಡ ನಾಡಿನ ಹಳ್ಳಿಯ ಮಕ್ಕಳ ಕಲಿಕೆಯನ್ನು ಇಷ್ಟು ಹತ್ತಿರದಿಂದ ಹದಿನೇಳನೆಯ ಶತಮಾನದಲ್ಲಿ ನೋಡಿ ಬರೆದ ಬರಹ ಬೇರೆ ಎಷ್ಟಿದೆ ಎಂದು ತಾವೇ ಯೋಚಿಸಿ. ಈ ಜಗಲಿ ಯಾವ ದೇವಾಲಯದ್ದೆಂದು ನೆಲದ ಮೇಲೆ ನಿಂತು ವಿಚಾರಿಸಿ ಗುರುತಿಸುವ ಕೆಲಸವೊಂದೇ ಒಬ್ಬ ಸಂಶೋಧಕನಿಗೆ ಒಂದು ಬೇಸಗೆಗಾಗುವಷ್ಟಿದೆ.

ದಾರಿ ಎಲ್ಲಿ ತುಂಡಾಯಿತು? ಮೊದಲ ಪೆಟ್ಟು ಬಂಡಿರಸ್ತೆಯಿಂದ ಬಂತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ತೊಡಗಿ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿಯ ಕ್ಷಾಮ ತಟ್ಟಿದಾಗ, ಧಾರವಾಡ ಸೀಮೆಯ ಹತ್ತಿಯನ್ನು ಕುಮಟೆ, ಕಾರವಾರಗಳ ರೇವಿಗೆ ಇಳಿಸುವ ಆತುರ ಹುಟ್ಟಿತು. ಉತ್ತರ ಕನ್ನಡವನ್ನು 1862ರಲ್ಲಿ ಮದರಾಸಿನಿಂದ ಬೇರ್ಪಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆ ಈ ಹತ್ತಿಯ ಹಿತಾಸಕ್ತಿಯೂ ಇತ್ತು. ಬಂಡಿಗೆ ಬೇಕಾದದ್ದು ನಿಧಾನವಾದ ಏರು ಮತ್ತು ದೊಡ್ಡ ತಿರುವುಗಳು. ಆದ್ದರಿಂದ ಹೊಸ ರಸ್ತೆಗಳು ಹಳೆಯ ಎತ್ತಿನ ದಾರಿಯನ್ನು ಅನೇಕ ಕಡೆ ಬಿಟ್ಟು ಬೇರೆ ಮಗ್ಗುಲು ಹಿಡಿದವು. ಇಂದು ನಾವು ಬಸ್ಸಿನಲ್ಲಿ ಹತ್ತುವ ಮಾವಿನಗುಂಡಿಯ ಕಡೆಯ ಘಟ್ಟರಸ್ತೆ, ದೆಲ್ಲಾ ವಾಲ್ಲೆ ಹತ್ತಿದ ದಾರಿಯಲ್ಲ. ಒಂದು ರೀತಿಯಲ್ಲಿ ಇದು ಅದೃಷ್ಟವೇ ಸರಿ, ಏಕೆಂದರೆ ಹಳೆಯ ದಾರಿಯ ಮೇಲೆ ಡಾಂಬರು ಬೀಳಲಿಲ್ಲ.

ಎರಡನೆಯ ಪೆಟ್ಟು ಅಷ್ಟು ಎದ್ದು ಕಾಣುವುದಿಲ್ಲ, ಆದರೆ ಅದೇ ಹೆಚ್ಚು ಆಳದ್ದು. ಅದು ಗಡಿಯ ಪೆಟ್ಟು. ಘಟ್ಟದ ಕೆಳಗಿನ ಗೇರುಸೊಪ್ಪೆ ಮುಂಬಯಿ ಸರ್ಕಾರದ ಕೆನರಾ ಜಿಲ್ಲೆಗೂ ಮೇಲಿನ ಗೋವರ್ಧನಗಿರಿ, ಇಕ್ಕೇರಿಗಳು ಮೈಸೂರು ಸಂಸ್ಥಾನಕ್ಕೂ ಸೇರಿದವು. ಬಿ. ಎಲ್. ರೈಸ್ ಅವರ ನೇತೃತ್ವದಲ್ಲಿ ಮೈಸೂರಿನ ಶಾಸನಗಳು ಸಂಪುಟ ಸಂಪುಟವಾಗಿ ಹೊರಬಂದಾಗ ಸಾಗರ ತಾಲ್ಲೂಕಿನ ಶಾಸನಗಳು 1904ರ ಎಂಟನೆಯ ಸಂಪುಟದಲ್ಲಿ ಅಚ್ಚಾದವು, ಘಟ್ಟದ ಅಂಚಿಗೆ ಬಂದು ಆ ಕೆಲಸ ನಿಂತಿತು. ಕೆಳಗಿನ ವಿವರಗಳು 1883ರ ಮುಂಬಯಿ ಗ್ಯಾಸೆಟಿಯರಿನ ಕೆನರಾ ಸಂಪುಟದಲ್ಲಿ ಬೇರೆ ಕಣ್ಣಿನಿಂದ, ಬೇರೆ ಉದ್ದೇಶಕ್ಕೆ ಬರೆಯಲ್ಪಟ್ಟವು. ಇದರ ತಮಾಷೆಯೇನೆಂದರೆ, ಗೇರುಸೊಪ್ಪೆಯ ವರ್ತಕ ಮನೆತನವೊಂದು ತನ್ನ ಊರಿನ ನೇಮಿನಾಥ ಚೈತ್ಯಾಲಯದ ಮುಂದೆ ಕಂಚಿನ ಮಾನಸ್ತಂಭ ನಿಲ್ಲಿಸಿದ ವಿಷಯವನ್ನು ಹೇಳುವ ಹದಿನಾರನೆಯ ಶತಮಾನದ ಶಾಸನ ಇರುವುದು ಘಟ್ಟದ ಮೇಲಿನ ಗೋವರ್ಧನಗಿರಿಯಲ್ಲಿ. ಕೆಳಗಿನ ಪಟ್ಟಣದ ವೈಭವವನ್ನು ಓದಬೇಕಾದರೆ ಮೇಲಿನ ಸಂಪುಟವನ್ನು ತೆರೆಯಬೇಕು. ಸೆಟ್ಟರಿಗೆ ಇಲ್ಲದ ಗಡಿ ನಮ್ಮ ಕಪಾಟುಗಳಿಗೆ ಬಂತು.

1956ರಲ್ಲಿ ರಾಜ್ಯ ಒಂದಾಯಿತು, ಕಡತಗಳು ಒಂದಾಗಲಿಲ್ಲ. ಇಂದಿಗೂ ಅದು ಎರಡು ಜಿಲ್ಲೆ, ಎರಡು ತಾಲ್ಲೂಕು ಕಚೇರಿ, ಹೊನ್ನಾವರ ಮತ್ತು ಸಾಗರ ಎಂಬ ಎರಡು ಅರಣ್ಯ ವಿಭಾಗ. ಮೇಲಿನವರ ನಕ್ಷೆಯಲ್ಲಿ ದಾರಿ ಘಟ್ಟದ ಅಂಚಿಗೆ ಬಂದು ಮುಗಿಯುತ್ತದೆ, ಕೆಳಗಿನವರ ನಕ್ಷೆಯಲ್ಲಿ ಬೆಟ್ಟದ ಬುಡಕ್ಕೆ ಬಂದು ಮುಗಿಯುತ್ತದೆ.

ಕಾನೂನಿನ ಸ್ವರೂಪವೂ ಇದಕ್ಕೆ ಒತ್ತಾಸೆಯಾಗಿದೆ. ಕೇಂದ್ರ ರಕ್ಷಿತ ಸ್ಮಾರಕಗಳ 1958ರ ಕಾಯ್ದೆಗೆ 2010ರಲ್ಲಿ ಬಂದ ತಿದ್ದುಪಡಿಯ ಪ್ರಕಾರ, ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ. ಬಸದಿಗೆ, ಗುಡಿಗೆ ಇದು ಸರಿಯಾದ ಕವಚ. ಆದರೆ ಎರಡು ವೃತ್ತಗಳ ನಡುವೆ ಹತ್ತಾರು ಮೈಲಿ ಉದ್ದಕ್ಕೆ ಬಿದ್ದಿರುವ ಗೆರೆಗೆ ಅದು ಏನನ್ನೂ ಮಾಡುವುದಿಲ್ಲ. ಹೊರದೇಶಗಳಲ್ಲಿ ಈ ತೊಡಕನ್ನು ಬಿಡಿಸುವ ಪ್ರಯತ್ನ ಆಗಿದೆ. ಸ್ಪೇನಿನ ಸಾಂತಿಯಾಗೊ ಯಾತ್ರೆಯ ದಾರಿಯನ್ನು ಯುನೆಸ್ಕೊ 1993ರಲ್ಲಿಯೇ ದಾರಿಯಾಗಿ ಪಟ್ಟಿಗೆ ಸೇರಿಸಿತು. 2008ರಲ್ಲಿ ಸ್ಮಾರಕಗಳ ರಕ್ಷಣೆಗಾಗಿ ದುಡಿಯುವ ಅಂತರರಾಷ್ಟ್ರೀಯ ಸಂಸ್ಥೆ ಇಕೊಮೊಸ್ ಸಾಂಸ್ಕೃತಿಕ ಮಾರ್ಗಗಳಿಗೆಂದೇ ಒಂದು ಸನ್ನದನ್ನು ಅಂಗೀಕರಿಸಿತು. 2014ರಲ್ಲಿ ಆಂಡಿಸ್ ಪರ್ವತಗಳ ಇಂಕಾ ಮಾರ್ಗವನ್ನು ಆರು ದೇಶಗಳು ಕೂಡಿ ಪಟ್ಟಿಗೆ ತಂದವು. ಆರು ದೇಶಗಳಿಗೆ ಸಾಧ್ಯವಾದದ್ದು ನಮ್ಮ ಎರಡು ಜಿಲ್ಲೆಗಳಿಗೆ ಅಸಾಧ್ಯವೆಂದು ನಾನು ನಂಬುವುದಿಲ್ಲ. ಯುನೆಸ್ಕೊ ಪಟ್ಟಿಯ ಆಸೆ ಹುಟ್ಟಿಸುವುದು ನನ್ನ ಉದ್ದೇಶವಲ್ಲ, ಆ ವ್ಯಾಮೋಹ ನಮ್ಮಲ್ಲಿ ಈಗಾಗಲೇ ಬೇಕಾದಷ್ಟಿದೆ.

ದಾರಿಯನ್ನು ನೆಲದ ಮೇಲೆ ಗುರುತಿಸುವ ಕ್ರಮದ ಬಗ್ಗೆ ಈಗ ಹೇಳುತ್ತೇನೆ. ನೂರಾರು ವರ್ಷ ಗೊರಸು ಬಿದ್ದ ಜಂಬಿಟ್ಟಿಗೆ ನೆಲ ಓಣಿಯಂತೆ ತಗ್ಗಾಗಿರುತ್ತದೆ, ಮಳೆಯ ನೀರು ಅದನ್ನೇ ಹಿಡಿದು ಹರಿದು ಇನ್ನಷ್ಟು ಕೊರೆದಿರುತ್ತದೆ. ಹಳ್ಳದಂತೆ ಕಂಡರೂ ಹಳ್ಳವು ಬೆಟ್ಟವನ್ನು ನೇರ ಇಳಿಯುತ್ತದೆ, ದಾರಿ ಓರೆಯಾಗಿ ಸಾಗಿ ತಿರುಗುತ್ತದೆ. ತಿರುವಿನ ಕೆಳಮಗ್ಗುಲಲ್ಲಿ ಗಾರೆಯಿಲ್ಲದೆ ಒಟ್ಟಿದ ಕಲ್ಲಿನ ಕಟ್ಟು ಸಿಕ್ಕರೆ ಸಂಶಯ ಪರಿಹಾರವಾದಂತೆ. ಇದಕ್ಕಿಂತ ಒಳ್ಳೆಯ ಸಾಕ್ಷಿ ಮರಗಳು. ನಿತ್ಯಹರಿದ್ವರ್ಣದ ಕಾಡಿನ ನಡುವೆ ಹುಣಸೆಮರ ತಾನಾಗಿ ಹುಟ್ಟುವುದಿಲ್ಲ. ತೊರೆಯ ಪಕ್ಕದ ಸಮತಟ್ಟಿನಲ್ಲಿ ಮುದಿ ಹುಣಸೆಯೋ ಸಾಲಾಗಿ ನಿಂತ ಮಾವೋ ಕಂಡರೆ ಅಲ್ಲಿ ಎತ್ತುಗಳ ಹೇರು ಇಳಿಯುತ್ತಿತ್ತೆಂದು ಊಹಿಸಲು ಆಧಾರವಿದೆ. ತಲೆಹೊರೆಯವರು ಬೇರೆಯವರ ಸಹಾಯವಿಲ್ಲದೆ ಹೊರೆ ಇಳಿಸಿ ಮತ್ತೆ ಹೊತ್ತುಕೊಳ್ಳಲು ನಿಲ್ಲಿಸಿದ ಹೊರೆಗಲ್ಲುಗಳನ್ನು ಕೆಲವರು ಹಳೆಯ ಬಾಗಿಲ ಚೌಕಟ್ಟೆಂದು ತಿಳಿದು ಬಿಡುತ್ತಾರೆ. ಇನ್ನು ಕಂದಾಯ ಇಲಾಖೆಯ ಗ್ರಾಮ ನಕ್ಷೆಗಳಿವೆ. ಈಗ ಯಾರೂ ನಡೆಯದ ಕಾಲುದಾರಿಯೂ ಅಲ್ಲಿ ಚುಕ್ಕೆಗೆರೆಯಾಗಿ ಉಳಿದಿರುತ್ತದೆ. ಉಕ್ಕಡ (ಕಾವಲಿನ ಕಟ್ಟೆ), ಠಾಣೆ, ಸುಂಕದಕಟ್ಟೆ ಎಂಬ ಸ್ಥಳನಾಮಗಳನ್ನು ಊರಿನ ಹಿರಿಯರಿಂದ ಕೇಳಿ ಅದೇ ನಕ್ಷೆಯ ಮೇಲೆ ಗುರುತು ಹಾಕಬೇಕು. ಈ ಕೊನೆಯ ಕೆಲಸಕ್ಕೆ ಮಾತ್ರ ಅವಧಿ ಇದೆ: ಘಟ್ಟ ಹತ್ತಿ ಇಳಿದವರ ಕಥೆಯನ್ನು ಅಜ್ಜನ ಬಾಯಿಂದ ಕೇಳಿದ ಕೊನೆಯ ತಲೆಮಾರಿಗೆ ಈಗ ವಯಸ್ಸಾಗಿದೆ.

ಅಪಾಯಗಳು ಯಾವುವು? ಕಾಡು ಬೆಳೆದು ಮುಚ್ಚುವುದನ್ನು ನಾನು ಅಪಾಯಗಳ ಪಟ್ಟಿಯಲ್ಲಿ ಮೊದಲಿಗೆ ಇಡುವುದಿಲ್ಲ, ಕಾಡು ಒಂದರ್ಥದಲ್ಲಿ ದಾರಿಯನ್ನು ಹೊದಿಸಿ ಕಾಪಾಡಿದೆ. ನಿಧಿಗಳ್ಳರು ಅಪಾಯ, ಗರ್ಭಗೃಹದಲ್ಲಿ ಆಳುದ್ದದ ಗುಂಡಿ ಕಾಣದ ಪಾಳುಗುಡಿ ನಮ್ಮ ಮಲೆನಾಡಿನಲ್ಲಿ ಅಪರೂಪ. ಭಕ್ತಿ ಉಕ್ಕಿ ವೀರಗಲ್ಲಿಗೆ ಬಣ್ಣ ಬಳಿಯುವವರು ಅಪಾಯ. ತೋಟಕ್ಕೆ ದಾರಿ ಮಾಡಲು ಒಂದು ಮಧ್ಯಾಹ್ನದ ಮಟ್ಟಿಗೆ ಬರುವ ಜೆಸಿಬಿ, ಆರುನೂರು ವರ್ಷದ ಸವೆತವನ್ನು ಊಟದ ಹೊತ್ತಿಗೆ ಮುಗಿಸಬಲ್ಲದು. ದೊಡ್ಡ ಯೋಜನೆಗಳ ಮಾತೂ ಬಂದೇ ಬರುತ್ತದೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಶರಾವತಿಯ ಮೇಲುಕಣಿವೆಯ ಊರುಗಳ ಜೊತೆಗೆ ಅವುಗಳ ದಾರಿಗಳೂ ಮುಳುಗಿದವು. ಈಗ ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯ, ಅಂದರೆ ಕೆಳಗಿನ ನೀರನ್ನು ಮೇಲಕ್ಕೆತ್ತಿ ಮತ್ತೆ ಇಳಿಸಿ ವಿದ್ಯುತ್ ತೆಗೆಯುವ ಯೋಜನೆಯ, ವಿವಾದ ನಡೆದಿದೆ. ಆ ಚರ್ಚೆಯಲ್ಲಿ ಸಿಂಗಳೀಕದ ಮಾತು ಬಂತು, ಮರಗಳ ಲೆಕ್ಕ ಬಂತು, ಅವು ಬರಬೇಕಾದವೇ. ಹಳೆಯ ದಾರಿಗಳ ಮಾತು ಮಾತ್ರ ನನ್ನ ಕಿವಿಗೆ ಬೀಳಲಿಲ್ಲ. ದಾಖಲೆಯಲ್ಲೇ ಇಲ್ಲದ ವಸ್ತುವಿನ ಮೇಲಿನ ಪರಿಣಾಮವನ್ನು ಯಾರು ಅಂದಾಜು ಮಾಡಬೇಕು?

ಉಪನ್ಯಾಸದ ನಂತರ ಕೇಳಿದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸುತ್ತೇನೆ.

ಈ ದಾರಿಯನ್ನು ಚಾರಣಕ್ಕೆ ತೆರೆಯಬೇಕೇ ಎಂದು ಒಬ್ಬರು ಕೇಳಿದರು. ತೆರೆಯಬೇಕು, ಆದರೆ ಕ್ರಮ ತಪ್ಪಬಾರದು ಎಂಬುದು ನನ್ನ ಉತ್ತರ. ಮೊದಲು ಸಮೀಕ್ಷೆ, ಆಮೇಲೆ ನಡಿಗೆ. ಸುತ್ತಲಿನ ಕಾಡಿನ ಹೆಚ್ಚಿನ ಪಾಲು ಈಗ ಶರಾವತಿ ಕಣಿವೆಯ ಅಭಯಾರಣ್ಯ. 2019ರಲ್ಲಿ ಅದು ವಿಸ್ತಾರಗೊಂಡು ಸಿಂಗಳೀಕದ ಹೆಸರನ್ನು ಪಡೆದಿದೆ, ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಅಲ್ಲಿ ಕಾಲಿಡುವಂತಿಲ್ಲ, ಇಡಲೂಬಾರದು. ಹಳೆಯ ವ್ಯಾಪಾರದ ಹಂಗಾಮು ಮಳೆ ನಿಂತು ಕಡಲು ತಿಳಿಯಾದ ಮೇಲೆ ಶುರುವಾಗುತ್ತಿತ್ತು, ನಡೆಯುವವರಿಗೂ ಅದೇ ಕಾಲ ಸರಿ, ಮಳೆಗಾಲದಲ್ಲಿ ಇಂಬಳಗಳಿಗೆ ರಕ್ತದಾನ ಮಾಡುವುದರಿಂದ ಇತಿಹಾಸಕ್ಕೆ ಲಾಭವಿಲ್ಲ. ಸಣ್ಣ ತಂಡ, ಎರಡೂ ತುದಿಯ ಊರುಗಳಿಂದಲೇ ದಾರಿ ತೋರುವವರು, ಅವರಿಗೆ ಸರಿಯಾದ ಸಂಬಳ. ಸಿಮೆಂಟಿನ ಮೆಟ್ಟಿಲು, ಸ್ವಾಗತ ಕಮಾನು, ಕೈಕಂಬಿಗಳು ಬೇಡ. ಹೊನ್ನಾವರದಿಂದ ಗೇರುಸೊಪ್ಪೆಯವರೆಗಿನ ದೋಣಿಯ ಪಯಣವನ್ನು ಇದರ ಭಾಗವಾಗಿ ಉಳಿಸಿಕೊಳ್ಳಬೇಕು, ಅದನ್ನು ಬಿಟ್ಟರೆ ಪಟ್ಟಣ ಅಲ್ಲೇ ಯಾಕೆ ಇತ್ತೆಂಬುದು ನಡೆಯುವವನಿಗೆ ಅರ್ಥವಾಗದು.

ಇನ್ನೊಬ್ಬರು, ಸಾಗರದ ಕಡೆಯ ಕೃಷಿಕರು, ಇದೆಲ್ಲ ಆದರೆ ದಾರಿಯ ಅಕ್ಕಪಕ್ಕದ ನಮ್ಮ ಬೆಟ್ಟ, ಬೇಣಗಳಿಗೂ (ತೋಟಕ್ಕೆ ಸೊಪ್ಪು, ದನಗಳಿಗೆ ಹುಲ್ಲು ಕೊಡುವ ಜಾಗಗಳಿಗೂ) 100 ಮೀಟರ್, 200 ಮೀಟರ್ ಎಂಬ ನಿಯಮ ಬರುತ್ತದೆಯೇ ಎಂದು ಕೇಳಿದರು. ಈ ಭಯ ನ್ಯಾಯವಾದದ್ದು, ಅದಕ್ಕೆ ಉತ್ತರ ಕೊಡದೆ ಮುಂದೆ ಹೋದರೆ ರಾತ್ರೋರಾತ್ರಿ ಕಲ್ಲುಗಳು ಕಾಣೆಯಾಗುತ್ತವೆ. ನಾನು ಕೇಳುತ್ತಿರುವುದು ಆ ಕಾಯ್ದೆಯ ವೃತ್ತವನ್ನು ಉದ್ದಕ್ಕೆ ಎಳೆಯುವುದನ್ನಲ್ಲ. ದಾರಿಯ ಅಗಲವನ್ನು ಮಾತ್ರ ಗ್ರಾಮ ನಕ್ಷೆಯಲ್ಲಿ ಖಚಿತಪಡಿಸಿ, ಅದನ್ನು ಅಗೆಯುವುದಿಲ್ಲ, ಅದರ ಕಟ್ಟುಗಲ್ಲನ್ನು ಒಯ್ಯುವುದಿಲ್ಲ ಎಂಬ ಒಪ್ಪಂದಕ್ಕೆ ಗ್ರಾಮ ಪಂಚಾಯಿತಿಗಳು ಬಂದರೆ ಸದ್ಯಕ್ಕೆ ಸಾಕು. ಎರಡೂ ಅರಣ್ಯ ವಿಭಾಗಗಳು ಮತ್ತು ಎರಡೂ ತಾಲ್ಲೂಕು ಕಚೇರಿಗಳು ಜಂಟಿ ಸಮೀಕ್ಷೆ ನಡೆಸಬೇಕೆಂದು ಕೇಳುವ ಒಂದು ಮನವಿಯನ್ನು ಸಭೆಯಲ್ಲಿ ಓದಲಾಯಿತು. ಅದರ ನಕ್ಷೆ ಸಾಗರದ ಅರ್ಧವನ್ನಷ್ಟೇ ತೋರಿಸುತ್ತಿದ್ದುದರಿಂದ, ಗೇರುಸೊಪ್ಪೆಯ ಕಡೆಯ ಗ್ರಾಮ ನಕ್ಷೆಗಳ ಪ್ರತಿ ಪಡೆದು ಜೋಡಿಸಿದ ಮೇಲೆಯೇ ಅದನ್ನು ಸಲ್ಲಿಸುವುದೆಂದು ತೀರ್ಮಾನವಾಯಿತು.